ಅಮ್ಮನ ಫುಲ್ ಬಾಡಿ ಚೆಕಪ್: ರಕ್ತ ತೆಗೆದ ಹುಡುಗಿಗೆ 5 ಸ್ಟಾರ್, ಫೈಲಿನ ಆರು ಲೋಗೋಗೆ 1

ಮೊದ್ಲೇ ಹೇಳ್ತೇನೆ, ಆಸ್ಪತ್ರೆ ಹೆಸ್ರು ಹಾಕುದಿಲ್ಲ. ಮಂಗಳೂರಲ್ಲಿ ಉಂಟು, ದೊಡ್ಡದು, ಕೆಳಗೆ ಕಾಫಿ ಅಂಗಡಿ ಉಂಟು, ಅಷ್ಟು ಸಾಕು. ಯಾವುದು ಯಾವುದು ಅಂತ ಹುಡುಕ್ಲಿಕ್ಕೂ ಹೋಗ್ಬೇಡಿ, ಇಂಥ ಪ್ಯಾಕೇಜು ಈಗ ಹತ್ತು ಕಡೆ ಉಂಟು, ಫೈಲು ಕೂಡ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ನಮೂನೆ.

ಅಮ್ಮಂಗೆ 63. ಶುಗರ್ ಇಲ್ಲ, ಬೀಡಿ ಕಟ್ಟಿ ಕಟ್ಟಿ ಬಂದ ಕುತ್ತಿಗೆ ನೋವು ಒಂದು ಬಿಟ್ರೆ ಬೇರೆಂತ ಇಲ್ಲ. ಪಕ್ಕದ ಮನೆ ಅಕ್ಕ ಚೆಕಪ್ ಮಾಡಿಸ್ಕೊಂಡು ಬಂದು ಫೈಲು ತೋರಿಸಿದ ಮೇಲೆ ನಂಗೂ ಒಂದು ಹೆದರಿಕೆ ಶುರುವಾಯ್ತು, ಸೀನಿಯರ್ ಸಿಟಿಜನ್ ಆಫರಲ್ಲಿ 2,400 ರೂಪಾಯಿಗೆ ಬುಕ್ ಮಾಡಿದೆ. ಅಮ್ಮ "ಎಂಕ್ ದಾಲಾ ಆತ್‌ಜಿ" (ನಂಗೆಂತ ಆಗ್ಲಿಲ್ಲ) ಅಂತ ಹೇಳ್ತಾನೇ ಬಂದ್ರು. ಬೆಳಿಗ್ಗೆ ಬೇಗ ಕಾಪುವಿನಲ್ಲಿ ಎಕ್ಸ್‌ಪ್ರೆಸ್ ಹತ್ತಿ, ಖಾಲಿ ಹೊಟ್ಟೆ, ಚಾ ಕೂಡ ಇಲ್ಲ, ಚಾ ಇಲ್ಲದ ಅಮ್ಮನ ಜೊತೆ ಬಸ್ಸಲ್ಲಿ ಕೂರುದು ಎಂತ ಅಂತ ಗೊತ್ತಿದ್ದವ್ರಿಗೆ ಗೊತ್ತು.

ಒಳ್ಳೇದನ್ನು ಮೊದ್ಲು ಹೇಳಿ ಮುಗಿಸ್ತೇನೆ. ರಕ್ತ ತೆಗೆದ ಹುಡುಗಿ ಚಿನ್ನ, ಅಮ್ಮನ ಕೈಯಲ್ಲಿ ನರ ಸಿಗುದೇ ಇಲ್ಲ, ಈ ಮೊದ್ಲು ಬೇರೆ ಕಡೆ ಮೂರು ಸಲ ಚುಚ್ಚಿದ್ದುಂಟು, ಇವ್ಳು ಒಂದೇ ಸಲಕ್ಕೆ. ಇಸಿಜಿಗೆ ಹೆಂಗಸ್ರೇ ಇದ್ರು, ಪರದೆ ಎಳ್ದು ಮಾಡಿದ್ರು. ರಿಪೋರ್ಟು ಸಂಜೆ ನಾಲ್ಕೂವರೆಗೆ ವಾಟ್ಸಾಪಿಗೆ ಬಂತು. ತಿಂಡಿಗೆ ಇಡ್ಲಿ ವಡೆ, ಸಾಂಬಾರು ಸ್ವಲ್ಪ ನೀರು, ಇರ್ಲಿ.

ಬಿಪಿ ನೋಡಿದ ಕತೆ ಮಾತ್ರ ಬೇರೆ. ಲಿಫ್ಟಿಗೆ ಕ್ಯೂ ಇತ್ತು ಅಂತ ಅಮ್ಮ ಎರಡು ಮಾಳಿಗೆ ಮೆಟ್ಟಿಲು ಹತ್ತಿ ಬಂದಿದ್ರು, ಏದುಸಿರು ಬಿಡ್ತಾ ಇರುವಾಗ್ಲೇ ಒಂದು ರೌಂಡ್ ಸ್ಟೂಲ್ ತೋರಿಸಿ ಕೂತ್ಕೊಳ್ಳಿ ಅಂದ್ರು, ಬೆನ್ನಿಗೆ ಆಸರೆ ಇಲ್ಲ, ಅಮ್ಮ ಕುಳ್ಳ, ಕಾಲು ನೆಲಕ್ಕೆ ತಾಗುದಿಲ್ಲ, ಕೈ ತೊಡೆ ಮೇಲೆ. ರವಿಕೆ ತೋಳಿನ ಮೇಲಿಂದ್ಲೇ ಪಟ್ಟಿ ಸುತ್ತಿ ಆ ಹುಡುಗ "ಎಲ್ಲಿಂದ ಬಂದದ್ದಮ್ಮ, ಕಾಪುವಾ, ನಮ್ಮ ಅಜ್ಜಿ ಮನೆ ಪಡುಬಿದ್ರೆ" ಅಂತ ಮಾತಾಡಿಸ್ತಾ, ಅಮ್ಮ ಪಡುಬಿದ್ರೆಯಲ್ಲಿ ಯಾರ ಮನೆ ಯಾವ ಗುತ್ತು ಅಂತ ವಿಚಾರಿಸ್ತಾ, ಮಧ್ಯದಲ್ಲಿ ಮೆಷಿನ್ ಟುಂಯ್ ಅಂತು. 138/86. ಬರ್ದಾಯ್ತು, ನೆಕ್ಸ್ಟ್. ಹುಡುಗ ಒಳ್ಳೆಯವ ಮಾರಾಯ್ರೆ, ನಂಗೆ ಅವನ ಮೇಲೆ ಕೋಪ ಇಲ್ಲ, ಅವನ ಹಿಂದೆ ಹದಿನೈದು ಜನ ನಿಂತಿದ್ರು.

ಆಮೇಲೆ ಡಾಕ್ಟ್ರ ಹತ್ರ ನಾಲ್ಕು ನಿಮಿಷ. ಸ್ಕ್ರೀನ್ ನೋಡಿದ್ರು, "ಬಿಪಿ ಶುರುವಾಗಿದೆ, ಸ್ಟೇಜ್ ಒನ್" ಅಂದ್ರು, ದಿನಕ್ಕೊಂದು ಮಾತ್ರೆ ಬರ್ದ್ರು, ಕೆಳಗೆ ಫಾರ್ಮಸಿಯಲ್ಲಿ 10 ಪರ್ಸೆಂಟ್ ಡಿಸ್ಕೌಂಟು ಅಂತ ನರ್ಸ್ ಹೇಳಿದ್ರು. ಅಮ್ಮ ಹೊರಗೆ ಬಂದು ಮಾತೇ ಆಡ್ಲಿಲ್ಲ. ಸ್ಟೇಜ್ ಅಂದ್ರೆ ಅವ್ರಿಗೆ ಒಂದೇ ಅರ್ಥ, ಕ್ಯಾನ್ಸರಿನ ಸ್ಟೇಜು. ಇದು ಅದಲ್ಲ ಅಂತ ಬಿಡಿಸಿ ಹೇಳುವಾಗ ಸುರತ್ಕಲ್ ದಾಟಿತ್ತು.

ಈಗ ಫೈಲಿಗೆ ಬರುವ. ಗಟ್ಟಿ ಪ್ಲಾಸ್ಟಿಕ್, ಒಳಗೆ ಆರ್ಟ್ ಪೇಪರಲ್ಲಿ ಕಲರ್ ಪುಟ, ಅದ್ರಲ್ಲಿ ಬಿಪಿಯ ಚಾರ್ಟು, 130/80 ದಾಟಿದ್ರೆ ಕೆಂಪು ಪಟ್ಟಿ. ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಮೆರಿಕದ 2017ರ ಗೈಡ್‌ಲೈನ್ ಆಧಾರಿತ (ಗೈಡ್‌ಲೈನ್ ಅಂದ್ರೆ ಡಾಕ್ಟ್ರುಗಳಿಗೆ ಅಂತ ಬರ್ದ ಸಲಹೆಗಳ ಕಟ್ಟು), ಈ ಕೆಳಗಿನ ಸಂಘಗಳಿಂದ ಎಂಡಾರ್ಸ್ ಆದದ್ದು ಅಂತ ಬರ್ದು ಸಾಲಾಗಿ ಆರು ಲೋಗೋ. ನಾನು ಕೌಂಟರಲ್ಲಿ ಕೇಳಿದೆ, ಇದೆಂತ ಲೋಗೋ ಅಂತ. "ಅದು ಸರ್, ನಮ್ಮ ಪ್ಯಾಕೇಜ್ ಎಲ್ಲ ದೊಡ್ಡ ದೊಡ್ಡ ಅಸೋಸಿಯೇಶನ್‌ನವ್ರು ಅಪ್ರೂವ್ ಮಾಡಿದ್ದು." ಪಾಪ, ಅವ್ಳಿಗೆ ಹಾಗೆಯೇ ಹೇಳಿಕೊಟ್ಟಿರ್ಬೇಕು. ಆದ್ರೆ ಅಲ್ಲಿ ಬರ್ದದ್ದು ಹಾಗಲ್ಲ. ಸಂಘಗಳು ಒಪ್ಪಿದ್ದು, ಅಂದ್ರೆ ಒಪ್ಪಿದ್ರೆ, ಆ ಗೈಡ್‌ಲೈನನ್ನು. ಈ ಸ್ಟೂಲು, ಈ ನಾಲ್ಕು ನಿಮಿಷ, ಈ 2,400 ಅವ್ರ ಕಣ್ಣಿಗೇ ಬಿದ್ದದ್ದಲ್ಲ.

ನಂಗೆ ಇದು ಯಾಕೆ ಕಚ್ಚಿತು ಅಂದ್ರೆ ನನ್ನ ಕೆಲ್ಸವೇ ಅದು. ಉಡುಪಿಯಲ್ಲಿ ಪ್ರೆಸ್ಸಲ್ಲಿ ಡಿಟಿಪಿ, ಹದಿನೆಂಟು ವರ್ಷ ಆಯ್ತು. ಬ್ರಹ್ಮಕಲಶೋತ್ಸವದ ಆಮಂತ್ರಣ ನಾನು ಎಷ್ಟು ಮಾಡಿದ್ದೇನೆ ಲೆಕ್ಕ ಇಲ್ಲ. ಅದ್ರಲ್ಲಿ ಹೆಸ್ರುಗಳ ಒಂದು ಜಾತಿಪದ್ಧತಿಯೇ ಉಂಟು, ಜೀರ್ಣೋದ್ಧಾರ ಸಮಿತಿಯವ್ರು ಅಂದ್ರೆ ಎರಡು ವರ್ಷ ಮನೆಮನೆ ತಿರ್ಗಿ ದುಡ್ಡು ಒಟ್ಟು ಮಾಡಿದವ್ರು, ಪಾಕಶಾಲೆಯವ್ರು ಅಂದ್ರೆ ರಾತ್ರಿ ಇಡೀ ತೆಂಗಿನಕಾಯಿ ತುರಿಯುವವ್ರು, ಗೌರವ ಸಲಹೆಗಾರರು ಅಂದ್ರೆ ಒಂದು ಸಲ ಮೀಟಿಂಗಿಗೆ ಬಂದು ಚಾ ಕುಡ್ದವ್ರು, ಮತ್ತೆ ಕೊನೆಗೆ ಗೌರವ ಉಪಸ್ಥಿತಿ ಅಂತ ಸಣ್ಣ ಅಕ್ಷರದಲ್ಲಿ ಒಂದು ರಾಶಿ, ಅದ್ರಲ್ಲಿ ಅರ್ಧ ಜನಕ್ಕೆ ಅವ್ರ ಹೆಸ್ರು ಹಾಕಿದ್ದು ಪತ್ರಿಕೆ ಕೈಗೆ ಬಂದ ಮೇಲೇ ಗೊತ್ತಾಗುದು. ಓದುವವ್ರಿಗೆ ಎಲ್ಲ ಒಂದೇ, ಎಷ್ಟು ದೊಡ್ಡ ಜನ ಸೇರಿದ್ದಾರೆ ನೋಡಿ ಅಂತ. ಹಾಗಾಗಿ ಆರು ಲೋಗೋ ಒಟ್ಟಿಗೆ ನೋಡಿದ ಕೂಡ್ಲೇ ನಂಗೆ ಮೊದ್ಲು ಬರುವ ಪ್ರಶ್ನೆ, ಇದ್ರಲ್ಲಿ ತೆಂಗಿನಕಾಯಿ ತುರಿದದ್ದು ಯಾರು, ಚಾ ಕುಡ್ದದ್ದು ಯಾರು?

ಅದಕ್ಕೆ ನಾಲ್ಕು ರಾತ್ರಿ ಕೂತು ಓದಿದೆ. ಆ ಗೈಡ್‌ಲೈನ್ ಯಾರು ಬೇಕಾದ್ರೂ ಫ್ರೀಯಾಗಿ ತೆರ್ದು ಓದ್ಬಹುದು, ಓದುವವ್ರು ಇಲ್ಲ ಅಷ್ಟೆ.

ಅದ್ರ ತಲೆಬರಹದಲ್ಲೇ ಹನ್ನೊಂದು ಸಂಘದ ಹೆಸ್ರುಂಟು, ಅಮೆರಿಕದ ಹೃದಯದ ಡಾಕ್ಟ್ರ ಕಾಲೇಜು ಎಸಿಸಿ, ಹಾರ್ಟ್ ಅಸೋಸಿಯೇಶನ್ ಎಎಚ್‌ಎ, ಮತ್ತೆ ಒಂಬತ್ತು. ಇವ್ರು ಪಾಲುದಾರರು, ಅಂದ್ರೆ ನಮ್ಮ ಭಾಷೆಯಲ್ಲಿ ಸಮಿತಿಯವ್ರು, ಬರೆಯುವಾಗ್ಲೇ ಒಳಗಿದ್ದವ್ರು. ಎಂಡಾರ್ಸ್ ಮಾಡುದು ಅಂದ್ರೆ ಬೇರೆ, ಇನ್ನೊಬ್ರು ಬೇಯಿಸಿದ್ದನ್ನು ತಂದು ಮುಂದೆ ಇಟ್ಟು, ಇದನ್ನು ನಿಮ್ಮ ಪೈಕಿ ಡಾಕ್ಟ್ರುಗಳಿಗೆ ಬಡಿಸ್ಬಹುದು ಅಂತ ಹೇಳ್ತೀರಾ ಅಂತ ಕೇಳುದು. ಸರಿಯಾಗಿ ಮಾಡುವ ಸಂಘಗಳು ಅದಕ್ಕೆ ಒಂದು ಕಮಿಟಿ ಇಡ್ತಾರೆ, ಆ ಕಮಿಟಿಯವ್ರು ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಮಾರ್ಕ್ಸ್ ಹಾಕ್ತಾರೆ. ಅಗ್ರೀ-2 ಅಂತ ಒಂದು ಅಳತೆಗೋಲು ಉಂಟು, ಆರು ವಿಭಾಗ, 23 ಪ್ರಶ್ನೆ, ಒಂದೊಂದಕ್ಕೂ 1ರಿಂದ 7ರವರೆಗೆ. ಸಾಕ್ಷ್ಯ ಹುಡುಕಿದ್ದು ಹೇಗೆ, ಎಲ್ಲ ಸ್ಟಡಿ ನೋಡಿದ್ದಾರಾ ಅಲ್ಲ ತಮಗೆ ಬೇಕಾದ್ದು ಮಾತ್ರವಾ, ದುಡ್ಡು ಕೊಟ್ಟವ್ರ ಕೈವಾಡ ಉಂಟಾ, ಬರ್ದವ್ರಿಗೆ ಹಿತಾಸಕ್ತಿ ಉಂಟಾ, ರೋಗಿಗಳ ಹತ್ರ ಕೇಳಿದ್ದಾರಾ, ಹೀಗೆ.

ಕ್ಯಾನ್ಸರ್ ಡಾಕ್ಟ್ರ ಅಮೆರಿಕದ ಸಂಘ ಆಸ್ಕೋ ಬೇರೆಯವ್ರ ಗೈಡ್‌ಲೈನನ್ನು ತನ್ನದೇ ತಜ್ಞರ ಹತ್ರ ಓದಿಸಿ, ಒಪ್ಪಿದ್ರೂ ಅಲ್ಲಲ್ಲಿ ತನ್ನ ತಿದ್ದುಪಡಿ ಹಾಕಿ ಒಪ್ತದೆ. ಪ್ರಾಸ್ಟೇಟ್ ಕ್ಯಾನ್ಸರಲ್ಲಿ ಕೂಡ್ಲೇ ಆಪರೇಶನ್ ಮಾಡ್ದೆ ಕಣ್ಣಿಟ್ಟು ಕಾಯುವ ಬಗ್ಗೆ ಕೆನಡಾದ ಒಂಟಾರಿಯೋದವ್ರು ಮಾಡಿದ ಗೈಡ್‌ಲೈನನ್ನು 2016ರಲ್ಲಿ ಒಪ್ಪಿದ್ದು ಹಾಗೆಯೇ. ಇದು ನಂಗೆ ಬಹಳ ಇಷ್ಟ ಆಯ್ತು. ಒಪ್ಪಿದೆ, ಆದ್ರೆ ಇಲ್ಲಿ ಒಂದು ಮಾತು, ಅಂತ ಹೇಳುವವ್ರು ಓದಿದ್ದಾರೆ ಅಂತ ಗ್ಯಾರಂಟಿ. ಪ್ರೂಫ್ ಕಳಿಸಿದ ಮೇಲೆ ಒಂದೂ ತಿದ್ದದೆ ಓಕೆ ಅಂತ ಥಂಬ್ಸಪ್ ಹಾಕುವ ಗಿರಾಕಿಯನ್ನು ನಾನು ಯಾವತ್ತೂ ನಂಬುದಿಲ್ಲ, ಪ್ರಿಂಟ್ ಆದ ಮೇಲೆ ಮದುಮಗನ ಇನಿಶಿಯಲ್ ತಪ್ಪಾಗಿದೆ ಅಂತ ಬರುದು ಅವ್ರೇ.

ಈಗ ಫೈಲಲ್ಲಿ ಇಲ್ಲದ ಲೋಗೋ ವಿಷ್ಯ. ಅಮೆರಿಕದಲ್ಲಿ ನಮ್ಮ ಊರಿನ ಫ್ಯಾಮಿಲಿ ಡಾಕ್ಟ್ರ ಹಾಗೆ ಇರುವವ್ರ ದೊಡ್ಡ ಸಂಘ ಒಂದುಂಟು, ಎಎಎಫ್‌ಪಿ. ಅವ್ರ ಹತ್ರ ಬೇರೆಯವ್ರ ಗೈಡ್‌ಲೈನಿಗೆ ಮೂರು ಉತ್ತರ ಉಂಟು: ಒಂದು ಪೂರ್ತಿ ಒಪ್ಪಿಗೆ, ಇನ್ನೊಂದು ಇದ್ರಲ್ಲಿ ಸಾರ ಉಂಟು ಆದ್ರೆ ನಮ್ಮ ಅಳತೆಗೆ ಪೂರ್ತಿ ಬರುದಿಲ್ಲ ಅನ್ನುದು, ಮತ್ತೊಂದು ಇಲ್ಲ. ಈ ಬಿಪಿ ಗೈಡ್‌ಲೈನಿಗೆ 2017ರ ಡಿಸೆಂಬರಲ್ಲಿ ಅವ್ರು ಕೊಟ್ಟದ್ದು ಮೂರನೇದ್ದು. ಸುಮ್ನೆ ಅಲ್ಲ, ಕಾರಣ ಬರ್ದಿದ್ದಾರೆ. ಗೈಡ್‌ಲೈನಿನ ಬಹುಪಾಲು ಸಲಹೆಗಳಿಗೆ ಕ್ರಮವಾದ ಸಾಕ್ಷ್ಯ ವಿಮರ್ಶೆಯ ಬೆಂಬಲ ಇರ್ಲಿಲ್ಲ ಅನ್ನುದು ಒಂದು. ಬಿಪಿಯನ್ನು ಮಾಮೂಲಿಗಿಂತ ಇನ್ನೂ ಕೆಳಗೆ ಇಳಿಸಿದ್ರೆ ಒಳ್ಳೇದಾ ಅಂತ ನೋಡಿದ ಸ್ಪ್ರಿಂಟ್ ಅನ್ನುವ ಒಂದು ಟ್ರಯಲ್ಲಿಗೆ ಸಿಕ್ಕಾಪಟ್ಟೆ ತೂಕ ಕೊಟ್ಟು ಬಾಕಿ ಟ್ರಯಲ್ಲುಗಳನ್ನು ಬದಿಗೆ ಸರಿಸಿದ್ದು ಇನ್ನೊಂದು. ಮತ್ತೆ ಆ ಟ್ರಯಲ್ಲಿನ ಸ್ಟಿಯರಿಂಗ್ ಕಮಿಟಿಯ ಅಧ್ಯಕ್ಷರೇ ಗೈಡ್‌ಲೈನ್ ಕಮಿಟಿಗೂ ಅಧ್ಯಕ್ಷರು. ಇದಕ್ಕೆ ದುಡ್ಡಿನ ಆಸೆ ಅಂತ ಯಾರೂ ಹೇಳ್ಲಿಲ್ಲ, ನಾನೂ ಹೇಳುದಿಲ್ಲ, ಆದ್ರೆ ನಮ್ಮಲ್ಲಿ ಭಜನಾ ಸ್ಪರ್ಧೆಯಲ್ಲಿ ಹಾಡಿದವ್ರ ಮಾಸ್ಟ್ರನ್ನೇ ಜಡ್ಜ್ ಮಾಡಿದ್ರೆ ಬಾಕಿ ತಂಡದವ್ರು ಎಂತ ಹೇಳ್ತಾರೆ, ಅದೇ.

ಫಿಸಿಶಿಯನ್‌ಗಳ ಸಂಘ ಎಸಿಪಿ ಕೂಡ ಆ ಹನ್ನೊಂದರಲ್ಲಿ ಇಲ್ಲ. ಎಎಎಫ್‌ಪಿ, ಎಸಿಪಿ ಇಬ್ರೂ ಸೇರಿ ಅದೇ 2017ರಲ್ಲಿ 60 ದಾಟಿದವ್ರಿಗೆ ಅಂತ ಬೇರೆಯೇ ಗೈಡ್‌ಲೈನ್ ಮಾಡಿದ್ರು, ಅದ್ರಲ್ಲಿ ಸಾಮಾನ್ಯವಾಗಿ ಮೇಲಿನ ನಂಬರು 150ರ ಒಳಗೆ ಇದ್ರೆ ಆಯ್ತು. ನೋಡಿ ಮಾರಾಯ್ರೆ, ಅದೇ ದೇಶ, ಅದೇ ವರ್ಷ, ನಮ್ಮ ಅಮ್ಮ 63, ಒಬ್ರ ಪ್ರಕಾರ 130 ದಾಟಿದ್ರೆ ಬಿಪಿ, ಇನ್ನೊಬ್ರ ಪ್ರಕಾರ 150ರ ತನಕ ತೊಂದ್ರೆ ಇಲ್ಲ, ಎರಡೂ ಕಡೆ ದೊಡ್ಡ ದೊಡ್ಡ ಸಂಘ. ಎಎಎಫ್‌ಪಿಯವ್ರು ಆಮೇಲೆ 2022ರಲ್ಲಿ 140/90ರ ಒಳಗೆ ಅಂತ ಮಾಡಿದ್ರು. ಯುರೋಪಿನಲ್ಲಿ 2023ರ ಹೈಪರ್‌ಟೆನ್ಶನ್ ಸೊಸೈಟಿಯ ಗೈಡ್‌ಲೈನ್ 140/90ರಲ್ಲೇ ನಿಂತಿದೆ, ಅದ್ರ ಹೆಸ್ರಿನ ಕೆಳಗೆ ಅಂತಾರಾಷ್ಟ್ರೀಯ ಹೈಪರ್‌ಟೆನ್ಶನ್ ಸೊಸೈಟಿ ಮತ್ತೆ ಯುರೋಪಿನ ಕಿಡ್ನಿಯವ್ರ ಸಂಘ ಎಂಡಾರ್ಸ್ ಮಾಡಿದ್ದು ಅಂತ ಪ್ರಿಂಟ್ ಉಂಟು. ನಮ್ಮ ದೇಶದ 2019ರ ನಾಲ್ಕನೇ ಗೈಡ್‌ಲೈನೂ 140/90. ಹಾಗಾಗಿ ಲೋಗೋ ಲೆಕ್ಕ ಹಾಕಿ ಸತ್ಯ ನಿರ್ಧಾರ ಮಾಡ್ಲಿಕ್ಕೆ ಹೋದ್ರೆ ಎರಡು ಕಡೆಗೂ ಬೇಕಾದಷ್ಟು ಲೋಗೋ ಸಿಗ್ತದೆ. ಅಂದ ಹಾಗೆ ಅಮೆರಿಕದವ್ರು 2025ರಲ್ಲಿ ಹೊಸ ಆವೃತ್ತಿ ತಂದಾಯ್ತು, 130/80ನ್ನು ಹಾಗೇ ಇಟ್ಟಿದ್ದಾರೆ, ಫೈಲಲ್ಲಿ ಇನ್ನೂ 2017ದ್ದೇ ಉಂಟು, ಬ್ಲಾಕ್ ಹಾಳಾಗುವ ತನಕ ಅದೇ ಹೊಡೀತಾರೆ ಕಾಣ್ತದೆ.

ಮರುದಿನ ಸಂಜೆ ನಮ್ಮ ಊರಿನ ಡಾಕ್ಟ್ರ ಹತ್ರ ಹೋದೆವು. ನಾನು ಸಣ್ಣ ಇರುವಾಗಿಂದ ನೋಡಿದವ್ರು, ಕ್ಲಿನಿಕ್ಕಿನಲ್ಲಿ ಎರಡು ಬೆಂಚು ಒಂದು ಫ್ಯಾನು, ಫೈಲು ಅಂತ ಇಲ್ಲ, ಚೀಟಿ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ "ಐದು ನಿಮಿಷ ಬಾಯಿ ಮುಚ್ಚಿ ಕೂರಿ, ನಿಮ್ಗೆ ಕಷ್ಟ ಅಂತ ಗೊತ್ತುಂಟು" ಅಂದ್ರು. ಕಾಲು ನೆಲಕ್ಕೆ ತಾಗ್ಲಿ ಅಂತ ಅಡಿಯಲ್ಲಿ ಹಳೇ ಟೆಲಿಫೋನ್ ಡೈರೆಕ್ಟರಿ ಇಟ್ರು, ಕೈ ಮೇಜಿನ ಮೇಲೆ ಎದೆ ಎತ್ತರಕ್ಕೆ, ತೋಳು ಮೇಲೆ ಸರಿಸಿ ಪಟ್ಟಿ. 130/80. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ, 128/78. ಆಮೇಲೆ ಫೈಲು ನೋಡಿ ನಂಗೆ ಹೇಳಿದ್ರು, "ಎಂತ ಗೊತ್ತುಂಟಾ, ಇವ್ರು ಹೆಸ್ರು ಹಾಕಿದ ಗೈಡ್‌ಲೈನನ್ನೇ ಇವ್ರು ಪಾಲಿಸ್ಲಿಲ್ಲ. ನೀನು ಓದುವವ ಅಲ್ವಾ, ಹೋಗಿ ನೋಡು."

ನೋಡಿದೆ. ಹೌದು! 130/80 ಅಂತ ಹೇಳಿದ ಅದೇ ಗೈಡ್‌ಲೈನಲ್ಲಿ ಉಂಟು, ಬಿಪಿ ಅಂತ ಹೇಳ್ಬೇಕಾದ್ರೆ ಕಮ್ಮಿಯಂದ್ರೆ ಎರಡು ಬೇರೆ ಬೇರೆ ಸಂದರ್ಭದಲ್ಲಿ, ಒಂದೊಂದು ಸಲಕ್ಕೆ ಎರಡಾದ್ರೂ ಅಳತೆ ತೆಗ್ದು ಸರಾಸರಿ ನೋಡ್ಬೇಕು, ಆಸ್ಪತ್ರೆಯ ಹೊರಗೆ, ಮನೆಯಲ್ಲಿ ನೋಡಿ ಖಾತ್ರಿ ಮಾಡ್ಕೊಳ್ಬೇಕು, ಐದು ನಿಮಿಷ ಕೂರಿಸ್ಬೇಕು, ಮಾತಾಡಿಸ್ಬಾರ್ದು. ಮತ್ತೆ 130ರಿಂದ 139ರ ಒಳಗೆ ಇರುವವ್ರಿಗೆಲ್ಲ ಮಾತ್ರೆ ಅಂತ ಇಲ್ಲವೇ ಇಲ್ಲ, ಹೃದಯದ ಕಾಯಿಲೆಯೋ ಶುಗರೋ ಕಿಡ್ನಿ ತೊಂದ್ರೆಯೋ ಇದ್ರೆ, ಅಥವಾ ಮುಂದಿನ ಹತ್ತು ವರ್ಷದ ರಿಸ್ಕ್ ಲೆಕ್ಕ ಹಾಕಿ 10 ಪರ್ಸೆಂಟ್ ಮುಟ್ಟಿದ್ರೆ, ಅಥವಾ 65 ದಾಟಿದ್ರೆ. ಬಾಕಿಯವ್ರಿಗೆ ಉಪ್ಪು ಕಮ್ಮಿ ಮಾಡುದು, ನಡಿಗೆ, ತೂಕ ಇಳಿಸುದು. ಆ ಗೈಡ್‌ಲೈನ್ ಬಂದಾಗ ಅಮೆರಿಕದಲ್ಲಿ ಬಿಪಿ ಇರುವ ದೊಡ್ಡವ್ರ ಪಾಲು ಸುಮಾರು 32ರಿಂದ 46 ಪರ್ಸೆಂಟಿಗೆ ಹಾರಿತು, ಆದ್ರೆ ಹೊಸತಾಗಿ ಮಾತ್ರೆ ಬೇಕು ಅಂತಾದದ್ದು ಬರೀ 2 ಪರ್ಸೆಂಟ್ ಹತ್ರ ಮಾತ್ರ. ಅಮ್ಮನ ರಿಸ್ಕ್ ಲೆಕ್ಕ ಫೈಲಲ್ಲಿ ಹುಡುಕಿದೆ, ಎಲ್ಲೂ ಇಲ್ಲ, ಕೆಂಪು ಪಟ್ಟಿ ಉಂಟು.

ಇನ್ನೊಂದು, ಆ ಸ್ಪ್ರಿಂಟ್ ಟ್ರಯಲ್ಲಿನಲ್ಲಿ 9,361 ಜನ ಇದ್ರು, ಅವ್ರ ಬಿಪಿ ನೋಡಿದ್ದು ಕೂರಿಸಿ, ಸುಮ್ನೆ ಬಿಟ್ಟು, ಆಟೋಮ್ಯಾಟಿಕ್ ಮೆಷಿನಲ್ಲಿ, ಎಷ್ಟೋ ಕಡೆ ರೂಮಲ್ಲಿ ಬೇರೆ ಯಾರೂ ಇಲ್ಲದೆ. ಹಾಗೆ ನೋಡಿದ್ರೆ ನಂಬರು ಕೆಳಗೆ ಬರ್ತದೆ. ಆ ನಿಶ್ಶಬ್ದ ರೂಮಿನ ನಂಬರನ್ನು ತಂದು ಪಡುಬಿದ್ರೆ ಅಜ್ಜಿ ಮನೆ ಕತೆ ಕೇಳ್ತಾ ತೆಗೆದ ನಂಬರಿಗೆ ಹಿಡಿದ್ರೆ ಎಂತ ಆಗ್ಬೇಕು.

ಡಾಕ್ಟ್ರು ಏಳು ದಿನ ಮನೆಯಲ್ಲಿ ನೋಡ್ಲಿಕ್ಕೆ ಹೇಳಿದ್ರು, ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ, ಮಣಿಗಂಟಿಗೆ ಕಟ್ಟುವ ಮೆಷಿನ್ ಬೇಡ ತೋಳಿಗೆ ಕಟ್ಟುವುದೇ ತಾ ಅಂದ್ರು. ಕ್ಯಾಲೆಂಡರಿನ ಹಿಂದೆ ಬರ್ದು ಇಟ್ಟೆ, ಸರಾಸರಿ 126/78. ಸದ್ಯ ಮಾತ್ರೆ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಇದನ್ನು ಓದಿ ಯಾರೂ ಇದ್ದ ಮಾತ್ರೆ ಬಿಡ್ಲಿಕ್ಕೆ ಹೋಗ್ಬೇಡಿ ದಮ್ಮಯ್ಯ, ನಮ್ಮ ಚಿಕ್ಕಪ್ಪ ಹಾಗೆ ಬಿಟ್ಟು ಒಂದು ಬದಿ ಕೈ ಎತ್ಲಿಕ್ಕೆ ಆಗುದಿಲ್ಲ ಈಗ. ಮಾತ್ರೆ ಕೆಟ್ಟದಲ್ಲ, ಬಿಪಿ ನಿಜವಾಗಿ ಇದ್ದವ್ರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗ್ತದೆ.

ಡಯಟ್ ಚಾರ್ಟ್ ಬಗ್ಗೆ ಹೇಳದಿದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಚೀಸ್ ಕಮ್ಮಿ ಮಾಡಿ, ಡಬ್ಬಿ ಸೂಪ್ ಬೇಡ, ಸಾಸೇಜ್ ಬೇಡ. ಅಮ್ಮ ಜೀವಮಾನದಲ್ಲಿ ಸಾಸೇಜ್ ನೋಡ್ಲಿಲ್ಲ, ಅದೆಂತ ಅಂತ ನನ್ನ ಹತ್ರ ಕೇಳಿದ್ರು. ಅವ್ರು ತಿನ್ನುದು ಕುಚ್ಚಲಕ್ಕಿ ಗಂಜಿ, ಜೊತೆಗೆ ಭರಣಿಯಲ್ಲಿ ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ, ಸುಟ್ಟ ಒಣಮೀನು, ಹಪ್ಪಳ. ಉಪ್ಪು ಪೂರ್ತಿ ಅಲ್ಲಿಂದ್ಲೇ ಬರುದು, ಚಾರ್ಟಲ್ಲಿ ಅದ್ರ ಸುದ್ದಿಯೇ ಇಲ್ಲ. ಹೊರಗಿನ ಗೈಡ್‌ಲೈನನ್ನು ಒಪ್ಪುದು ಒಂದು, ಅದನ್ನು ನಮ್ಮ ಊರಿನ ಅಡಿಗೆಮನೆಗೆ ಹೊಂದಿಸುದು ಇನ್ನೊಂದು, ಎರಡನೇದಕ್ಕೆ ಕೆಲ್ಸ ಉಂಟು, ಲೋಗೋ ಅಂಟಿಸಿದ ಹಾಗಲ್ಲ. ನಮ್ಮ ಡಾಕ್ಟ್ರು ಒಂದೇ ಮಾತು ಹೇಳಿದ್ದು, "ಒಣಮೀನು ಭಾನುವಾರ ಮಾತ್ರ, ಗಂಜಿಗೆ ಬೇರೆ ಉಪ್ಪು ಹಾಕ್ಬೇಡಿ." ಅಮ್ಮ ಭಾನುವಾರದ್ದಕ್ಕೆ ಒಪ್ಪಿದ್ದಾರೆ.

ಲೋಗೋ ಕೊಡುವ ವಿಷ್ಯದಲ್ಲಿ ನಮ್ಮ ದೇಶದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು, 2008ರಲ್ಲಿ ನಮ್ಮ ದೇಶದ ಡಾಕ್ಟ್ರುಗಳ ಸಂಘ ಐಎಂಎ ಪೆಪ್ಸಿಕೋದ ಜ್ಯೂಸ್ ಮತ್ತೆ ಓಟ್ಸಿಗೆ ತನ್ನ ಹೆಸ್ರು ಕೊಟ್ಟು, ಅದು ಮೆಡಿಕಲ್ ಕೌನ್ಸಿಲ್ ತನಕ ಹೋಯ್ತು. ಅದು ಸಾಮಾನಿಗೆ ಕೊಟ್ಟ ಒಪ್ಪಿಗೆ, ಗೈಡ್‌ಲೈನಿಗೆ ಕೊಡುದು ಬೇರೆ, ಎರಡನ್ನೂ ಕಲಸ್ಬಾರ್ದು. ಆದ್ರೆ ಆಸ್ಪತ್ರೆಯವ್ರು ಗೈಡ್‌ಲೈನಿನ ಒಪ್ಪಿಗೆಯನ್ನು ಪ್ಯಾಕೇಜಿನ ಪುಟದಲ್ಲಿ ಹಾಕಿದ ಕೂಡ್ಲೇ ಅದು ಜ್ಯೂಸ್ ಪೊಟ್ಟಣದ ಹಾಗೆಯೇ ಕಾಣ್ತದೆ, ಕೌಂಟರಿನ ಹುಡುಗಿಗೂ ಹಾಗೆಯೇ ಕಂಡದ್ದು.

ಫೀಡ್‌ಬ್ಯಾಕ್ ಕೇಳ್ಲಿಕ್ಕೆ ಆಸ್ಪತ್ರೆಯಿಂದ ಫೋನು ಬಂತು. ನಾನು ಎರಡು ವಿಷ್ಯ ಹೇಳಿದೆ, ಆ ಸ್ಟೂಲ್ ತೆಗ್ದು ಬೆನ್ನಿರುವ ಕುರ್ಚಿ ಹಾಕಿ, ಮತ್ತೆ ಆರು ಲೋಗೋದಲ್ಲಿ ಯಾವ ಸಂಘ ಏನನ್ನು ಯಾವ ವರ್ಷ ಒಪ್ಪಿದ್ದು ಅಂತ ಒಂದು ಸಾಲು ಬರೀರಿ, ಜಾಗ ಬೇಕಾದ್ರೆ ಆ ಪುಟದ ಸೂರ್ಯೋದಯದ ಫೋಟೋ ಸಣ್ಣ ಮಾಡಿ. "ನೋಟ್ ಮಾಡ್ಕೊಂಡಿದ್ದೇವೆ ಸರ್, ಹತ್ತರಲ್ಲಿ ಎಷ್ಟು ಕೊಡ್ತೀರಿ" ಅಂದ್ರು. ಆರು ಅಂದೆ. ಇಲ್ಲಿ ಐದರಲ್ಲಿ ಎರಡೂವರೆ ಕೊಡ್ತೇನೆ, ಲ್ಯಾಬಿಗೆ ಮಾತ್ರ ಆದ್ರೆ ನಾಲ್ಕು ಕೊಡ್ತಿದ್ದೆ. ರಕ್ತ ಪರೀಕ್ಷೆ ಮಾತ್ರ ಬೇಕು ಅನ್ನುವವ್ರು ಧೈರ್ಯವಾಗಿ ಹೋಗಿ, ಬೆಳಿಗ್ಗೆ 8ರ ಒಳಗೆ ಹೋದ್ರೆ ಕ್ಯೂ ಕಮ್ಮಿ. ಕಾರು ತರ್ಬೇಡಿ, ಪಾರ್ಕಿಂಗ್ ಅಂತ ಬೋರ್ಡ್ ಉಂಟು, ಜಾಗ ಇಲ್ಲ.